ಅಡುಗೆಮನೆಯ ಕಿಟಕಿ ಕತ್ತರಿಸಿದ ದಿನ

ಮಾದನಾಯಕನಹಳ್ಳಿ
೧೬–೩–೨೦೨೫, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನಗೂ ಭಾವನಿಗೂ ಮಂಜುಶ್ರೀಯ ನಮಸ್ಕಾರ. ದಿನಾ ಸಂಜೆ ಫೋನಿನಲ್ಲಿ ಮಾತಾಡುವವಳು ಇದ್ದಕ್ಕಿದ್ದಂತೆ ಕಾಗದ ಬರೆದರೆ ನಿನಗೆ ಗಾಬರಿಯಾಗುತ್ತದೆ, ಗೊತ್ತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅಮ್ಮ ನೀನು ನೋಡಿಕೊಂಡು ಹೋದಾಗ ಇದ್ದ ಹಾಗೇ ಇದ್ದಾಳೆ. ಬೆಳಿಗ್ಗೆ ಒಂದೂವರೆ ಇಡ್ಲಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದೆ. ಬಲಗೈ ಇನ್ನೂ ಏಳುತ್ತಿಲ್ಲ. ಕಾಲಿನ ಬೆರಳು ಸ್ವಲ್ಪ ಅಲ್ಲಾಡುತ್ತಿದೆ ಎಂದು ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದಳು. ಮಾತು ಬಂದಿಲ್ಲ.

ಈ ಕಾಗದವನ್ನು ಎರಡು ವಾರದ ಹಿಂದೆಯೇ ಬರೆಯಬೇಕಿತ್ತು. ಮೂರು ಸಲ ಶುರು ಮಾಡಿ ಹರಿದುಹಾಕಿದೆ. ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀಯ. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು, “ನೀನು ಜೊತೇಲಿ ಇದ್ದಿದ್ದಕ್ಕೆ ಅಮ್ಮ ಉಳಿದ್ಲು ಕಣೇ” ಎನ್ನುತ್ತೀಯ. ಆಮೇಲೆ ನಾನು ಅಳುತ್ತೇನೆ, ನೀನು ಇನ್ನಷ್ಟು ಸಮಾಧಾನ ಹೇಳುತ್ತೀಯ. ನೀನು ಒಂದು ಸಲ ಬೈದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ.

ನಿನ್ನೆ ಭಾವ ಫೋನ್ ಮಾಡಿದ್ದರು. “ಮುಂದಿನ ವಾರ ಬರ್ತೀನಮ್ಮ, ಆ ಕೂಲಿಯವನ ಮೇಲೆ ಕಂಪ್ಲೇಂಟ್ ಕೊಟ್ಟೇ ಕೊಡೋಣ. ಅವ್ನು ಬಾಗಿಲು ಒಡೆಯೋ ಸದ್ದಿಗೇ ಅತ್ತೆ ಹೆದರಿ ಬಿದ್ದಿರೋದು” ಎಂದರು. ಹೂಂ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ರಾತ್ರಿಯ ಅಡುಗೆಗೆ ಕೈ ಓಡಲಿಲ್ಲ. ಇನ್ನು ಸುಮ್ಮನಿದ್ದರೆ ಒಬ್ಬ ನಿರಪರಾಧಿ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಅದಕ್ಕೇ ಕೂತಿದ್ದೇನೆ.

ನಮ್ಮ ಮನೆಗೆ ಇಷ್ಟೊಂದು ಕಬ್ಬಿಣ ಹಾಕಿಸಿದ್ದು ನಾನೇ ಅಕ್ಕ. ನೀನು ಇವರನ್ನು ತಮಾಷೆ ಮಾಡಿದ್ದೆ, “ಏನ್ ಮುನಿಕೃಷ್ಣ, ಖಜಾನೆ ಇಟ್ಟಿದೀಯಾ?” ಅಂತ. ಇವರು ನಕ್ಕು ಸುಮ್ಮನಾದರು. ನನ್ನ ಹೆಸರು ಹೇಳಲಿಲ್ಲ. ಹೋದ ವರ್ಷ ದೀಪಾವಳಿಯ ಹಿಂದುಮುಂದೆ ನಮ್ಮ ಎರಡನೇ ಅಡ್ಡರಸ್ತೆಯಲ್ಲಿ ನಿವೃತ್ತ ಮೇಷ್ಟ್ರ ಮನೆ ಹಾಡಹಗಲೇ ದೋಚಿದರಲ್ಲ, ಅಂದಿನಿಂದ ನನಗೆ ನಿದ್ದೆ ಹೋಯಿತು. ಲೇಔಟಿನ ವಾಟ್ಸಪ್ ಗುಂಪಿನಲ್ಲಿ ದಿನಾ ಒಂದು ಫೋಟೊ: ಯಾರೋ ಬೈಕಿನಲ್ಲಿ ಹೋದದ್ದು, ಯಾರೋ ಗೇಟಿನ ಹತ್ತಿರ ನಿಂತದ್ದು. ಇವರು ಬೆಳಗಿನ ಐದೂವರೆಗೇ ಗೋದಾಮಿನ ಪಾಳಿಗೆ ಹೋಗುತ್ತಾರೆ. ಎಂಟಕ್ಕೆ ನಾನು ಪೀಣ್ಯದ ಬಸ್ ಹಿಡಿಯುತ್ತೇನೆ. ಸಂಜೆಯವರೆಗೆ ಅಮ್ಮ ಒಬ್ಬಳೇ. ಫ್ಯಾಕ್ಟರಿಯಲ್ಲಿ ಒಂದೊಂದು ಬಿಡಿಭಾಗ ಅಳೆಯುವಾಗಲೂ ನನ್ನ ತಲೆಯಲ್ಲಿ ನಮ್ಮ ಮನೆಯ ಬಾಗಿಲೇ.

ರಾಜಗೋಪಾಲನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಮಲ್ಲಿಕ್ ಎನ್ನುವವರನ್ನು ಕರೆಸಿದೆ. ಕಾಂಪೌಂಡು ಎತ್ತರಿಸಿ ಮೇಲೆ ಗಾಜಿನ ಚೂರು, ಮರದ ಬಾಗಿಲಿನ ಮುಂದೆ ಕಬ್ಬಿಣದ ಬಾಗಿಲು, ಬಾಲ್ಕನಿಗೆ, ಬಟ್ಟೆ ಒಗೆಯುವ ಜಾಗಕ್ಕೆ, ಎಲ್ಲ ಕಿಟಕಿಗಳಿಗೆ ಎರಡು ಪದರದ ಗ್ರಿಲ್, ಮುಂದೆ ಹಿಂದೆ ಕ್ಯಾಮೆರಾ. ಆ ಮನುಷ್ಯ ಒಂದು ಮಾತು ಹೇಳಿದ. “ಅಕ್ಕಾ, ಅಡುಗೆಮನೆ ಕಿಟಕಿಗಾದ್ರೂ ಒಂದು ತೆಗೆಯೋ ಬಾಗ್ಲು ಬಿಡ್ತೀನಿ. ಬೆಂಕಿ ಗಿಂಕಿ ಬಿದ್ರೆ ಆಚೆ ಬರಕ್ಕೆ ಬೇಕಾಗ್ತದೆ.” ನಾನು, “ನಾವು ಆಚೆ ಬರೋ ದಾರೀಲೇ ಕಳ್ಳಾನೂ ಒಳಗೆ ಬರ್ತಾನೆ, ಬೇಡ” ಎಂದೆ. ಎಂಥ ಜಾಣ ಮಾತು ಹೇಳಿದೆ ಎಂದು ಆಗ ಹೆಮ್ಮೆಯಾಗಿತ್ತು.

ಅಮ್ಮನಿಗೆ ಇದು ಒಗ್ಗಲಿಲ್ಲ. ನಮ್ಮ ಹಳೇ ಮನೆಯಲ್ಲಿ ಜಗಲಿಯ ಮೇಲೆ ಕೂತು ಹೋಗುವವರು ಬರುವವರನ್ನೆಲ್ಲ ಮಾತಾಡಿಸುತ್ತಿದ್ದವಳು. “ಏನಮ್ಮಿ ಇದು, ಕೋಳಿ ಗೂಡ್ ಕಟ್ಸಿದ್ದೀಯಾ? ಇಂಗಿದ್ರೆ ಗಾಳಿ ಎಲ್ಲಿಂದ ಬರ್ತದೆ?” ಎಂದಳು. ಆದರೂ ಅವಳಿಗೊಂದು ಸ್ನೇಹ ಸಿಕ್ಕಿತು. ಪಕ್ಕದ ಖಾಲಿ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರಲ್ಲ, ಅಲ್ಲೇ ಶೀಟಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದಾರೆ. ಅವನ ಹೆಸರು ಯಮನೂರ, ಅವಳು ಶೇಖವ್ವ. ಆ ಕಡೆ ಕಾಂಪೌಂಡಿಲ್ಲ, ಮನೆಯ ಗೋಡೆಯೇ ಎಲ್ಲೆ; ನಮ್ಮ ಅಡುಗೆಮನೆಯ ಕಿಟಕಿ ಅವರ ಕಡೆಗೇ ತೆರೆಯುತ್ತದೆ. ಅಮ್ಮ ಒಳಗೆ, ಶೇಖವ್ವ ಹೊರಗೆ, ಮಧ್ಯೆ ಗ್ರಿಲ್. ಇವಳ ಬೆಂಗಳೂರು ಹಳ್ಳಿಯ ಮಾತು ಅವಳಿಗೆ ಅರ್ಧ, ಅವಳ ಮಾತು ಇವಳಿಗೆ ಅರ್ಧ. ಆದರೂ ಗಂಟೆಗಟ್ಟಲೆ ಹರಟುತ್ತಿದ್ದರು. ಅಮ್ಮ ಲೋಟದಲ್ಲಿ ಮಜ್ಜಿಗೆ ಕೊಟ್ಟರೆ ಅವಳು ರೊಟ್ಟಿಯನ್ನು ಮಡಚಿ ಕಂಬಿಯ ಸಂದಿನಲ್ಲಿ ತೂರಿಸುತ್ತಿದ್ದಳಂತೆ. ನನಗೆ ಇದು ಹಿಡಿಸುತ್ತಿರಲಿಲ್ಲ. “ಅವ್ರು ಯಾರೋ ಏನೋ, ನಾಳೆ ಇನ್ನೊಂದ್ ಕಡೆ ಹೋಗೋರು” ಎನ್ನುತ್ತಿದ್ದೆ. “ನಾನೂ ಅಷ್ಟೇ ಅಲ್ವಾ, ನಾಳೆ ಓಗೋಳೇ” ಎಂದು ಅಮ್ಮ ನಗುತ್ತಿದ್ದಳು.

ಈಗ ಆ ಮಂಗಳವಾರದ ವಿಷಯ. ಫೆಬ್ರವರಿ ಹದಿನೆಂಟು.

ಬೆಳಿಗ್ಗೆ ಹತ್ತೂವರೆ ದಾಟಿತ್ತು. ನಾನು ಕೆಲಸದಲ್ಲಿದ್ದೆ. ಫೋನು ಗುಂಯ್ ಎಂದಿತು. ನಮ್ಮ ಬಾಗಿಲಿನ ಮುಂದೆ ಯಾರೋ ಇದ್ದಾರೆಂದು ಕ್ಯಾಮೆರಾ ಕಳಿಸುವ ಸೂಚನೆ. ತೆಗೆದು ನೋಡಿದರೆ ಯಮನೂರ. ಗೇಟು ಹಾರಿ ಒಳಗೆ ಬಂದಿದ್ದ. ಕೈಯಲ್ಲಿ ಕಬ್ಬಿಣದ ಸಲಾಕೆ. ಬಾಗಿಲಿನ ಸಂದಿಗೆ ಅದನ್ನು ತೂರಿಸಿ ಮೀಟುತ್ತಿದ್ದ. ಅವನ ಹಿಂದೆ ಶೇಖವ್ವ ಕೈ ಬೀಸಿ ಏನೋ ಕೂಗುತ್ತಿದ್ದಳು. ಕ್ಯಾಮೆರಾದಲ್ಲಿ ಶಬ್ದ ಬರುವುದಿಲ್ಲ ಅಕ್ಕ. ಅವಳು ಕೂಗುತ್ತಿರುವುದು ಕಾಣಿಸಿತು. ಏನೆಂದು ಕೂಗುತ್ತಿದ್ದಾಳೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ನಾನು ತಿಂಗಳುಗಟ್ಟಲೆ ಹೆದರಿ ಕಾದಿದ್ದ ದೃಶ್ಯ ಅದು. ಕೊನೆಗೂ ಬಂತು ಎಂದುಕೊಂಡೆ.

ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮನನ್ನು ಏನೋ ಮಾಡಿಬಿಟ್ಟರು ಎಂದೇ ತೀರ್ಮಾನಿಸಿ ಲೇಔಟಿನ ಗುಂಪಿಗೆ ಧ್ವನಿ ಸಂದೇಶ ಹಾಕಿದೆ. ಅದು ಈಗಲೂ ಅಲ್ಲೇ ಇದೆ, ಹದಿನಾಲ್ಕು ಸೆಕೆಂಡು. “ನಮ್ಮನೆಗೆ ಕಳ್ರು ನುಗ್ತಾವ್ರೆ, ಪಕ್ಕದ್ ಶೆಡ್ಡಿನೋರು, ಬಿಡ್ಬೇಡಿ, ಹಿಡ್ಕೊಳ್ಳಿ!” ಅದು ನನ್ನ ದನಿಯೇ ಎಂದು ನಂಬಲು ಕಷ್ಟವಾಗುತ್ತದೆ.

ಹಿಡಿದುಕೊಂಡರು. ಏಳೆಂಟು ಜನ ಸೇರಿ ಹೊಡೆದರು. ಅವನು ಕೈ ಮುಗಿದು ಕಿಟಕಿಯ ಕಡೆ ತೋರಿಸುತ್ತಿದ್ದನಂತೆ. ಶೇಖವ್ವ ಎಲ್ಲರ ಕಾಲು ಹಿಡಿದಳಂತೆ. ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಎದುರು ಮನೆಯ ಶಶಿಕಲಾ ಆಂಟಿ, “ಏನೋ ಕಿಟ್ಕಿ ಕಿಟ್ಕಿ ಅಂತಾವ್ಳಲ್ಲ, ನೋಡ್ರಪ್ಪಾ ಮೊದ್ಲು” ಎಂದು ತಾವೇ ಸೈಟಿನೊಳಗೆ ಹೋಗಿ ಇಣುಕಿದರು. ಅಮ್ಮ ಒಲೆಯ ಕಟ್ಟೆಯ ಕೆಳಗೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ತೆರೆದೇ ಇತ್ತು.

ಆಂಟಿ ನನಗೆ ಫೋನ್ ಮಾಡಿದರು. ನಾನು ಆಟೊ ಹತ್ತಿದೆ. ಎಂಟನೇ ಮೈಲಿಯ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿ ಲೇಔಟಿನವರೆಲ್ಲ ಸೇರಿ ಬಾಗಿಲಿಗೆ ಭುಜ ಕೊಟ್ಟರು, ಕಲ್ಲಿನಿಂದ ಕುಟ್ಟಿದರು. ಅದು ಅಲ್ಲಾಡಲಿಲ್ಲ. ಮಲ್ಲಿಕ್ ಒಳ್ಳೆಯ ಕೆಲಸಗಾರ. ಆಂಬುಲೆನ್ಸ್ ಬಂದು ಗೇಟಿನ ಮುಂದೆ ನಿಂತರೂ ಒಳಗೆ ಹೋಗುವ ದಾರಿ ಯಾರಿಗೂ ಇರಲಿಲ್ಲ. ಆಗ ಯಾರು ಬಂದರು ಗೊತ್ತಾ? ಯಮನೂರನೇ. ಹುಬ್ಬು ಒಡೆದು ರಕ್ತ ಅಂಗಿಯ ಮೇಲೆಲ್ಲ ಇಳಿದಿತ್ತಂತೆ. ಕೆಲಸದ ಜಾಗದಿಂದ ಕಬ್ಬಿಣ ಕೊಯ್ಯುವ ಮಷೀನು ತಂದು, ವೈರು ಎಳೆದು, ಅಡುಗೆಮನೆಯ ಕಿಟಕಿಯ ಕಂಬಿಗಳನ್ನು ಒಂದೊಂದಾಗಿ ಕತ್ತರಿಸಿದ. ಒಂದು ಪದರವಾದರೆ ಬೇಗ ಮುಗಿಯುತ್ತಿತ್ತು. ನಾನು ಎರಡು ಹಾಕಿಸಿದ್ದೆ.

ನಾನು ಬಂದು ಇಳಿದಾಗ ಹನ್ನೆರಡು ಗಂಟೆ. ಅಮ್ಮನನ್ನು ಆ ಸಂದಿನಿಂದ ಆಚೆಗೆ ಎತ್ತಿ ಮರಳಿನ ಮೇಲೆ ಮಲಗಿಸಿದ್ದರು. ತಲೆ ಶೇಖವ್ವನ ತೊಡೆಯ ಮೇಲಿತ್ತು. ನನ್ನ ಕೈಯಲ್ಲಿ ಬೀಗದ ಕೈ ಇತ್ತು.

ಆಸ್ಪತ್ರೆಯ ಡಾಕ್ಟರು ನಿನಗೆ ಹೇಳಿದ್ದು “ವಯಸ್ಸಾಗಿದೆ, ಆಗುತ್ತೆ” ಎಂದು. ನನ್ನನ್ನು ಬೇರೆ ಕರೆದು ಕೇಳಿದರು: “ಬಿದ್ದು ಎಷ್ಟು ಹೊತ್ತಿಗೆ ಎತ್ತಿದ್ರಿ? ಇನ್ನೊಂದ್ ಗಂಟೆ ಮುಂಚೆ ತಂದಿದ್ರೆ ಮಾತು ಉಳೀತಿತ್ತೇನೋಮ್ಮ.” ಆ ಗಂಟೆಯನ್ನು ತಿಂದವಳು ನಾನು. ಅಮ್ಮ ಬಿದ್ದದ್ದು ಸದ್ದಿಗೆ ಹೆದರಿ ಅಲ್ಲ. ಮಜ್ಜಿಗೆ ಲೋಟ ಕೊಡುತ್ತ ಕೊಡುತ್ತಲೇ ಕುಸಿದಳು. ಅದನ್ನು ಕಣ್ಣಾರೆ ಕಂಡದ್ದಕ್ಕೇ ಅವರು ಓಡಿ ಬಂದದ್ದು. ಇದನ್ನು ದಯವಿಟ್ಟು ಭಾವನಿಗೆ ಓದಿ ಹೇಳು. ಕಂಪ್ಲೇಂಟ್ ಕೊಡಲೇಬೇಕೆಂದರೆ ನನ್ನ ಹೆಸರಿಗೆ ಕೊಡಲಿ.

ಅವರ ಶೆಡ್ಡಿಗೆ ಹೋಗಿದ್ದೆ. ಹೋಗಲು ಒಂಬತ್ತು ದಿನ ಬೇಕಾಯಿತು. ಯಮನೂರನ ಹುಬ್ಬಿಗೆ ಹೊಲಿಗೆ ಹಾಕಿದ್ದರು. ನಾನು ಏನೋ ತೊದಲಿದೆ. ಅವನು ಎದ್ದು ನಿಂತು, “ಹೋಗ್ಲಿ ಬಿಡ್ರಿ ಅಕ್ಕಾರ. ಸಲಾಕಿ ಹಿಡಕೊಂಡು ನಿಂತಾಂವನ್ನ ನೋಡಿದ್ರ ಯಾರಿಗಾದ್ರೂ ಹಂಗ ಅನಸ್ತೈತಿ” ಎಂದ. ಶೇಖವ್ವ ಹಾಗೆ ಬಿಡಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ನಿಮ್ಮ ನಂಬರ್ ಕೊಡ್ರಿ ಅಂತ ಎರಡ ಸಲ ಕೇಳಿದ್ದೆನ್ರಿ, ಅಮ್ಮಾರು ಒಬ್ಬಾರ ಇರ್ತಾರ ಅಂತ. ನೀವು ಯಾಕ ಬೇಕು ಅಂದ್ರಿ.” ಹೌದು, ಹಾಗೇ ಅಂದಿದ್ದೆ. ನನಗೆ ಮರೆತೇ ಹೋಗಿತ್ತು.

ಮನೆ ಇಷ್ಟು ಭದ್ರ ಮಾಡಿದ್ದರಿಂದ ಏನಾಯಿತು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಮೇಷ್ಟ್ರ ಮನೆಗೆ ಕಳ್ಳರು ನುಗ್ಗಿದ್ದು ಸುಳ್ಳಲ್ಲ. ನನ್ನ ಹೆದರಿಕೆ ಪೂರ್ತಿ ಹುಚ್ಚು ಎಂದು ಈಗಲೂ ಹೇಳಲಾರೆ. ಒಂದು ಒಳ್ಳೆಯ ಬಾಗಿಲು, ಒಂದು ಒಳ್ಳೆಯ ಬೀಗ ಯಾರಿಗಾದರೂ ಬೇಕು. ನಾನು ಅಲ್ಲಿಗೆ ನಿಲ್ಲಲಿಲ್ಲ. ಹಾಕಿಸುತ್ತ ಹೋದಷ್ಟೂ ಹೆದರಿಕೆ ಬೆಳೆಯುತ್ತ ಹೋಯಿತು, ಹೆದರಿಕೆ ಬೆಳೆದಷ್ಟೂ ಇನ್ನಷ್ಟು ಹಾಕಿಸಿದೆ. ಕೊನೆಗೆ ಬೀದಿಯಲ್ಲಿ ಒಬ್ಬರೂ ಮನುಷ್ಯರ ಹಾಗೆ ಕಾಣಿಸದಂತಾದರು. ಕತ್ತರಿಸಿದ ಆ ಕಿಟಕಿ ನಾಲ್ಕು ವಾರದಿಂದ ಹಾಗೇ ಬಾಯಿ ತೆರೆದುಕೊಂಡಿದೆ. ಯಾವ ಕಳ್ಳನೂ ಬಂದಿಲ್ಲ. ಪಕ್ಕದ ಬೀದಿಯ ಒಂದು ಬೆಕ್ಕು ಬಂದು ಹಾಲು ಚೆಲ್ಲಿ ಹೋಗುತ್ತದೆ. “ಮುಚ್ಚಿಸ್ಲಾ?” ಎಂದು ಇವರು ಕೇಳಿದರು. ಅಮ್ಮನ ಮಂಚ ಈಗ ನಡುಮನೆಯಲ್ಲಿದೆ. ಹಗಲು ಬಾಗಿಲು ಎರಡೂ ತೆರೆದೇ ಇಡುತ್ತೇನೆ. ಸಂಜೆ ಶೇಖವ್ವ ಬಂದು ಅಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತಾಳೆ. ನನ್ನ ಜೊತೆ ಮಾತಾಡುವುದಿಲ್ಲ.

ನೀನು ಅಮ್ಮನನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋಗುತ್ತೇನೆಂದರೆ ನಾನು ತಡೆಯುವುದಿಲ್ಲ. ಹೋದ ತಿಂಗಳಾಗಿದ್ದರೆ ಜಗಳವಾಡುತ್ತಿದ್ದೆ. ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಭಾವನಿಗೆ ಸಕ್ಕರೆ ಕಡಿಮೆ ತಿನ್ನಲು ಹೇಳು. ಮಕ್ಕಳ ಪರೀಕ್ಷೆ ಚೆನ್ನಾಗಿ ಆಗಲಿ, ಅವರಿಗೆ ಚಿಕ್ಕಮ್ಮನ ಆಶೀರ್ವಾದ. ನೀನು ನನ್ನನ್ನು ಹರಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ತಂಗಿ,
ಮಂಜು

ಮತ್ತೆ: ಇದು ಮರೆತು ಹೋದದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಜನವರಿಯಲ್ಲಿ, ಸಂಕ್ರಾಂತಿ ಆದ ಮೇಲೆ, ಒಂದು ಮಧ್ಯಾಹ್ನ ಅಮ್ಮ ಬಾಗಿಲು ತೆಗೆದು ಶೇಖವ್ವನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ್ದು ನನಗೆ ಗೊತ್ತಾಯಿತು. ಮಾರನೇ ದಿನದಿಂದ ನಾನು ಹೋಗುವಾಗ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ ತಿರುಗಿಸಿ, ಒಳಗಿದ್ದ ಇನ್ನೊಂದು ಬೀಗದ ಕೈಯನ್ನೂ ನನ್ನ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದೆ. ಇವರಿಗೂ ಗೊತ್ತಿರಲಿಲ್ಲ. ಮೊದಲ ದಿನ ಅಮ್ಮ, “ಯಾಕಮ್ಮಿ, ನಾನೇನ್ ಓಡೋಗ್ತೀನಾ?” ಎಂದು ಕೇಳಿದಳು. ಆಮೇಲೆ ಕೇಳಲಿಲ್ಲ. ಹತ್ತಿರ ಹತ್ತಿರ ಐದು ವಾರ ನಮ್ಮ ಅಮ್ಮನನ್ನು ನಾನು ಕೂಡಿ ಹಾಕಿದ್ದೆ. ಆ ಬೀಗವನ್ನು ಒಳಗಿನಿಂದ ಹಾಕಿದ್ದೋ ಹೊರಗಿನಿಂದ ಹಾಕಿದ್ದೋ ನೋಡಿದವರಿಗೆ ತಿಳಿಯುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ನೀನು ಕೇಳಿದಾಗ, “ಅಮ್ಮನೇ ಒಳಗಿಂದ ಹಾಕ್ಕೊಂಡಿದ್ಲು” ಎಂದುಬಿಟ್ಟೆ.

ನೀನು ಅಮ್ಮನ ಮೇಲೆ ಬಗ್ಗಿ ಗದರಿದೆ, ನೆನಪಿದೆಯಾ? “ಒಬ್ಳೇ ಇರೋವಾಗ ಯಾರಾದ್ರೂ ಬೀಗ ಹಾಕ್ಕೋತಾರಾ? ನೀನೇ ಹಾಕ್ಕೊಂಡಿದ್ದಾ?” ಎಂದು. ಅಮ್ಮ ನನ್ನ ಮುಖ ನೋಡಿದಳು. ನಾನು ಬೇಡುವವಳ ಹಾಗೆ ನಿಂತಿದ್ದೆ. ನಿಧಾನವಾಗಿ, ಎರಡು ಸಲ, ಹೌದು ಎಂದು ತಲೆಯಾಡಿಸಿದಳು. ನಿನಗೆ ಎಷ್ಟು ಖುಷಿಯಾಯಿತು. “ನೋಡೇ ಮಂಜು, ಅಮ್ಮಂಗೆ ಎಲ್ಲಾ ಅರ್ಥ ಆಗ್ತಿದೆ” ಎಂದು ನನ್ನ ಕೈ ಹಿಡಿದುಕೊಂಡೆ.

ಹೌದು ಅಕ್ಕ. ಅವಳಿಗೆ ಎಲ್ಲ ಅರ್ಥವಾಗುತ್ತದೆ.