ಏಳನೇ ಪಂಜರದ ಇಲಿಗಳು

ಜೂನ್ 12, ಬೆಳಿಗ್ಗೆ 10.40
ದಹಿಸರ್‌ನಿಂದ ಲೋಕಲ್ ಟ್ರೇನ್ ಲೇಟ್. ಲ್ಯಾಬ್‌ಗೆ ಬಂದವಳೇ ಇಲಿಗಳ ರಕ್ತ ಮೆಷಿನ್‌ಗೆ ಹಾಕಿದೆ. ರಕ್ತದ ಕ್ಯಾನ್ಸರ್ ತರುವ ಲ್ಯುಕೇಮಿಯಾ ವೈರಸ್ ಒಳಹೊಕ್ಕರೆ ರಕ್ತಕಣದ ಮೈಮೇಲೆ ಒಂದು ಗುರುತು ಮೂಡುತ್ತದೆ — ಕಾಯಿಲೆ ಕಾಣುವ ಎಷ್ಟೋ ವಾರ ಮೊದಲೇ. ಮೂರನೇ ಪಂಜರಕ್ಕೆ ವೈರಸ್ ಕೊಟ್ಟಿದ್ದೆ. ಗುರುತು ಇದೆ, ಸರಿ. ಏಳನೆಯದಕ್ಕೆ ಕೊಟ್ಟದ್ದು ಬರೀ ಉಪ್ಪುನೀರು. ಅದರಲ್ಲೂ ಇದೆ. ಐದಕ್ಕೆ ಐದೂ.
ಮತ್ತೆ ಹಾಕಿದೆ. ಅದೇ.

ಜೂನ್ 13
ಇಲಿಗಳು ಅದಲುಬದಲಾಗಿವೆ ಅಂದರು ಲ್ಯಾಬ್ ನಡೆಸುವ ಮೇಡಂ. ಪಂಜರ ತೊಳೆಯುವ ಧರ್ಮಣ್ಣನನ್ನು ಕರೆಸಿದರು. ಹನ್ನೊಂದು ವರ್ಷದಿಂದ ಇಲ್ಲಿದ್ದಾರೆ, ಕಾಂಟ್ರ್ಯಾಕ್ಟ್ ಮೇಲೆ.
"ನಾ ಏನೂ ಬದಲ ಮಾಡಿಲ್ರಿ." ನನ್ನ ಕಡೆ ನೋಡಿದರು.
ನನಗೆ ಆಗಲೇ ನೆನಪಾಗಿತ್ತು. ಮಾರ್ಚ್‌ನಲ್ಲಿ ಮರಿಗಳಿಗೆ ಚುಚ್ಚಿದ ದಿನ. ಟ್ರೇನಿನ ಅವಸರ. ಮೂರು ಮುಗಿಸಿ ಏಳಕ್ಕೆ ಹೋದೆ. ಸೂಜಿ ಬದಲಿಸಲಿಲ್ಲ.
ಬಾಯಿ ಬಿಡಲಿಲ್ಲ.

ಜೂನ್ 16
ಧರ್ಮಣ್ಣನಿಗೆ ಇನ್ನು ಬರಬೇಡ ಅಂದರಂತೆ.

ಆಗಸ್ಟ್ 5
ಏಳನೇ ಪಂಜರದವು ಚೆನ್ನಾಗಿವೆ. ತಿನ್ನುತ್ತವೆ, ಒಂದರ ಮೇಲೊಂದು ಬಿದ್ದು ಮಲಗುತ್ತವೆ. ನೋಡಲಾಗುವುದಿಲ್ಲ... ಲೋಕಲ್‌ನಲ್ಲಿ ಎದುರು ಕೂತವರ ಕುತ್ತಿಗೆ, ಕೈ ನೋಡುತ್ತಿರುತ್ತೇನೆ — ಏನು ಹುಡುಕುತ್ತೇನೋ.
ಅಮ್ಮ ಕೇಳಿದರು: "ಎಂತ ನಮಿತಾ, ಕೈ ಎಷ್ಟು ಸಲ ತೊಳೆಯುವುದು?"

ಆಗಸ್ಟ್ 24, ಭಾನುವಾರ
ಧರ್ಮಣ್ಣನ ಮನೆ ಹುಡುಕಿಕೊಂಡು ಆಂಟಾಪ್ ಹಿಲ್‌ಗೆ ಹೋದೆ. ಬಾಗಿಲು ತೆಗೆದದ್ದು ಅವರ ಹೆಂಡತಿ ಮಹಾದೇವಿ. ಧರ್ಮಣ್ಣ ವಾಚ್‌ಮನ್ ಯೂನಿಫಾರ್ಮ್ ಹಾಕಿ ಡ್ಯೂಟಿಗೆ ಹೊರಟಿದ್ದರು. ಕೂರಿಸಿದರು. ಸೂಜಿಯ ವಿಷಯ ಹೇಳಿದೆ.
"ಗೊತ್ತೈತ್ರಿ ಅಕ್ಕಾರ. ಅವತ್ತು ಮರಿ ಹಿಡಕೊಂಡಾಂವ ನಾನ ಅಲ್ಲೇನ್ರಿ?"
ಯಾರು ಹಿಡಿದಿದ್ದರು ಎಂದು ಇಷ್ಟು ದಿನ ನಾನು ಯೋಚಿಸಿಯೇ ಇರಲಿಲ್ಲ.
"ಮತ್ತೆ ಯಾಕೆ ಹೇಳಲಿಲ್ಲ?"
"ನೀವ ಹೇಳ್ತೀರಿ ಅನ್ಕೊಂಡಿದ್ದೆ."
ಸಿಟ್ಟಿಲ್ಲ ಮಾತಲ್ಲಿ. ಮಹಾದೇವಿ ಚಹಾ ಇಟ್ಟರು. ಕುಡಿಯಲಾಗಲಿಲ್ಲ.

ಆಗಸ್ಟ್ 25, ಸಂಜೆ 4
ಎಲ್ಲ ಬರೆದು ಮೇಡಂಗೆ ಕೊಟ್ಟೆ. ಎರಡು ಸಲ ಓದಿದರು. ಧರ್ಮಣ್ಣನಿಗೆ ಅವರೇ ಫೋನ್ ಮಾಡಿ ವಾಪಸ್ ಬನ್ನಿ ಅಂದರು. ಇನ್ನು ಬರೋದಿಲ್ಲ ಅಂದರಂತೆ. ಈ ಸ್ಟಡಿ ಬಂದ್. ನನಗೂ ಈ ಲ್ಯಾಬ್‌ನಲ್ಲಿ ಇಂದೇ ಕೊನೆ ದಿನ.
ಇಲಿ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಏಳರಲ್ಲಿ ಒಂದು ಬೆನ್ನು ಬಾಗಿಸಿ ಮೂಲೆ ಹಿಡಿದಿದೆ, ಮೈ ಕೂದಲು ನಿಮಿರಿದೆ. ಮೊನ್ನೆ ಹೀಗಿರಲಿಲ್ಲ. ಉಳಿದ ನಾಲ್ಕು ನನ್ನ ಕೈ ಕಂಡು, ತಿನ್ನಲು ತಂದಿದ್ದಾಳೆಂದು ಓಡಿ ಬಂದವು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.