ಕಂಡಿಕೆಯಿಲ್ಲದ ಲಾಳಿ

ಬನಹಟ್ಟಿ
೨೬ ಫೆಬ್ರುವರಿ ೨೦೨೫

ನನ್ನ ಸಾಲಿ ಗೆಳತಿ ಕ್ಷಮಾ,

ತೇರದಾಳದಲ್ಲಿ ಎಲ್ಲರೂ ಆರಾಮ ಇದ್ದೀರಿ ತಾನೇ? ದೀಪಾವಳಿಗೆ ನೀನು ಕಳಿಸಿದ ಉಂಡಿ ತಿಂದು ಕೈ ತೊಳೆದವಳು ಇವತ್ತು ಬರೆಯುತ್ತಿದ್ದೇನೆ. ಬೈದುಬಿಡು. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ.

ಮಹಿಳಾ ದಿನಕ್ಕೆ ಜಮಖಂಡಿಯಲ್ಲಿ ನಾನು ಭಾಷಣ ಮಾಡಬೇಕಂತೆ. ವಿಷಯ, ಕಷ್ಟಕ್ಕೆ ಬಗ್ಗದ ನೇಕಾರ ಹೆಣ್ಣುಮಕ್ಕಳು. ಮತ್ತೆ ಯಾರ ಕಥೆ ಹೇಳಲಿ, ನಮ್ಮ ಅತ್ತೆ ಯಲ್ಲವ್ವನವರದೇ! ನಿನಗೂ ಅದು ಬಾಯಿಪಾಠ. ಸಾವಾದ ಮನೆಯಲ್ಲಿ ದಿನಕರ್ಮ ಮಾಡುವವರೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಅತ್ತೆ ಮಾತ್ರ ಮಾವನ ಮಣ್ಣಾದ ಮರುದಿನವೇ ಕುಣಿಮಗ್ಗಕ್ಕೆ ಇಳಿದರು. ಹಿರಿಯರು ಬಂದು ಬಾಗಿಲು ಬಡಿದರೂ ನಿಲ್ಲಿಸಲಿಲ್ಲ. ಓಣಿಯಲ್ಲಿ ಯಾರಿಗೆ ಏನು ಕೇಡಾದರೂ ಇವತ್ತಿಗೂ ಅದೇ ಮಾತು: "ಯಲ್ಲವ್ವನ್ನ ನೋಡ್ರಿ, ಒಂದ್ ಹನಿ ಕಣ್ಣೀರ್ ಹಾಕಲಿಲ್ಲ!"

ಮೊನ್ನೆ ಅತ್ತೆ ಕಡಲೆ ಹಸನು ಮಾಡುತ್ತಿದ್ದಾಗ ಕೇಳಿದೆ.

"ಆವತ್ತ ಎಷ್ಟ ನೇಯ್ದ್ರಿ ಅತ್ತಿ?"

ಮೊರ ಕೆಳಗಿಟ್ಟು ನಕ್ಕರು. "ಎಲ್ಲಿ ನೇಯೂದವಾ? ಲಾಳ್ಯಾಗ ನೂಲಿನ ಕಂಡಿಕೇನ ಇರಲಿಲ್ಲ. ಬರೇ ಲಾಳಿ ಹೊಡದೆ. ಬಂದ ಬಂದವರ ಕೊರಳಿಗೆ ಬಿದ್ದ ಹಾಡ್ಯಾಡಿ ಅಳೂದು ನನಗ ಬರಂಗಿಲ್ಲ. ಮಗ್ಗದ ಸಪ್ಪಳದಾಗ ಹೊಟ್ಟಿ ತುಂಬ ಅತ್ಕೊಂಡೆ."

"ಇಷ್ಟ ವರ್ಷ ಯಾಕ ಹೇಳಲಿಲ್ಲರಿ?"

"ಯಾರ್ ಕೇಳಿದ್ರ? ಎಲ್ಲಾರೂ ಹೇಳಾವ್ರ."

ಕ್ಷಮಾ, ನನ್ನ ತಲೆ ಗಿರ್ರೆನ್ನುತ್ತಿದೆ. ಹಿರಿಯರ ಮಾತು ಮೀರಿದ್ದಂತೂ ಖರೆ. ಹಾಗಾದರೆ ಅದು ಧೈರ್ಯವೋ ಅಲ್ಲವೋ? ಹೊಳೆ ಉಕ್ಕಿ ಬಂದು ಮನೆ ಬಿದ್ದಾಗ ಇದೇ ಕಥೆ ಹಿಡಿದುಕೊಂಡು ಎಷ್ಟು ಹೆಂಗಸರು ಎದ್ದು ನಿಂತರು! ಅವರ ಮುಂದೆ ಅದು ಸುಳ್ಳು ಎನ್ನಲೇ? ಇಲ್ಲ, ಗೊತ್ತಿದ್ದೂ ಹಳೆಯದನ್ನೇ ಹೇಳಲೇ? ಒಮ್ಮೆ ಹಾಗೆನಿಸುತ್ತದೆ, ಒಮ್ಮೆ ಹೀಗೆ. ಅತ್ತೆಯನ್ನು ಕೇಳಿದರೆ, "ಏನರೆ ಹೇಳವಾ, ಅಲ್ಲಿ ಚಾ ಛಲೋ ಇದ್ರ ಸಾಕು" ಎಂದು ಮತ್ತೆ ಮೊರ ಹಿಡಿದರು.

ನಿನ್ನ ಮಗ ಜಿನೇಶನಿಗೆ ನನ್ನ ಆಶೀರ್ವಾದ. ಹತ್ತನೆಯ ಪರೀಕ್ಷೆ ಹೆದರದೆ ಬರೆಯಲಿ, ದೇವರು ಅವನ ಬೆನ್ನಿಗಿರಲಿ.

ನಿನ್ನ
ಕಾಂಚನಾ

ತಾ.ಕ.: ನನ್ನ ಮಗಳು ಸ್ನೇಹಾ ಜ್ವರದಲ್ಲಿ ತೀರಿಹೋದಾಗ ನೀನು ಓಡಿ ಬಂದಿದ್ದೆ. ನಾನು ನಿನಗೆ ಚಹಾ ಮಾಡಿಕೊಟ್ಟೆ, ನೆನಪಿದೆಯೇ? ಈ ಮನೆಯ ಸೊಸೆ ಅಳಬಾರದು ಎಂದುಕೊಂಡಿದ್ದೆ. "ಯಲ್ಲವ್ವಗ ತಕ್ಕ ಸೊಸಿ" ಎಂದು ಎಲ್ಲರೂ ಹೊಗಳಿದರು. ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಪಾವರ್‌ಲೂಮ್ ಚಾಲೂ ಮಾಡಿ, ಅದರ ಸಪ್ಪಳದಲ್ಲಿ ಬಹಳ ಹೊತ್ತು ಕೂತೆ. ಅಳು ಬರಲಿಲ್ಲ ಕ್ಷಮಾ. ಎಲ್ಲಿ ಹೋಯಿತು ಅದು?