ಏಳನೇ ಜಾಡಿಯ ಕೆಂಪು

ಮಾರ್ಚ್ ೩, ಬೆಳಗ್ಗೆ ೮
ಲ್ಯಾಬ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಕೊಡುತ್ತೇವೆ ಎಂದದ್ದು: ಕಾಯಂ ಹುದ್ದೆ, ಕೂರಲು ಕುರ್ಚಿ, ಪ್ರಬಂಧದಲ್ಲಿ ನನ್ನ ಹೆಸರು. ಕೊಟ್ಟದ್ದು: ಕುರ್ಚಿ. ಅದಕ್ಕೂ ಒಂದು ಕೈಯಿಲ್ಲ.
ಲ್ಯಾಬಿನ ಜಾಡಿ ತೊಳೆದೆ. ನೀರುಚಿಗಟಗಳಿಗೆ ಪಾಚಿ ಹಾಕಿದೆ. ಸಿಗಡಿಯ ದೂರದ ನೆಂಟರು, ಸಾಸಿವೆ ಕಾಳಿನಷ್ಟಿಲ್ಲ. ಎಲ್ಲ ಜಾಡಿಯಲ್ಲೂ ಬಿಳಿಚಿಕೊಂಡಿವೆ; ಏಳನೆಯದರಲ್ಲಿ ಮಾತ್ರ ಕೆಂಪು. ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು. ಜೀನ್ ಬದಲಾಗಿದೆ, ತಾಯಿಯಿಂದ ಮಗಳಿಗೆ ಇಳಿದಿದೆ — ಲ್ಯಾಬಿನ ಮುಖ್ಯಸ್ಥೆ ಮೇಡಂ ಪ್ರಬಂಧದ ವಾದ ಇದೇ. ಮೂರನೇ ಹೆಸರು ನನ್ನದಂತೆ. ನೋಡೋಣ.

ಮಾರ್ಚ್ ೫
ಜಾಡಿಗಳಿಗೆ ಗಾಳಿ ಊದುವ ಪೈಪು ಮುಟ್ಟಿ ನೋಡಿದೆ. ಪಂಪಿನ ಗಾಳಿಯೆಲ್ಲ ಮೇಲಿನ ಶೆಲ್ಫಿಗೇ ಸರಿ. ತೀರ ಕೆಳಗಿರುವ ಏಳಕ್ಕೆ ನಿಮಿಷಕ್ಕೆರಡು ಗುಳ್ಳೆ. 'ಸ್ಪೆಷಲ್' ಎಂದು ಬಿಸಿಲು ತಾಗದಂತೆ ಅಲ್ಲಿಟ್ಟವರು ಮೇಡಂ. ಉಸಿರು ಸಾಲದಿದ್ದರೆ ಯಾವ ಚಿಗಟವಾದರೂ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುತ್ತದೆ... ಹಳೇ ಪ್ರಬಂಧ ಟೈಪ್ ಮಾಡುವಾಗ ಓದಿದ್ದೆ.
ಏಳರ ಮರಿಗಳಲ್ಲಿ ಅರ್ಧ ಬೇರೆ ಜಾಡಿಗೆ ಹಾಕಿ ಮೇಲಿನ ಶೆಲ್ಫಿಗಿಟ್ಟೆ. ಮೇಲಿದ್ದ ಒಂದನೇ ಜಾಡಿಯ ಮರಿಗಳಲ್ಲಿ ಅರ್ಧ ಇನ್ನೊಂದು ಜಾಡಿಯಲ್ಲಿ ಕೆಳಗೆ, ಏಳರ ಪಕ್ಕಕ್ಕೆ. ಯಾರಿಗೂ ಹೇಳಿಲ್ಲ.

ಮಾರ್ಚ್ ೧೯
ಮೇಲೆ ಹೋದವು ಬೆಳ್ಳಗಾದವು. ಕೆಳಗೆ ಬಂದವು ಕೆಂಪಾದವು. ಕೆಂಪಿಗೆ ಕಾರಣ ಜೀನ್ ಅಲ್ಲ, ಗಾಳಿ. ಪ್ರಬಂಧ ಬಿತ್ತು. ಜೊತೆಗೆ ನನ್ನ ಹೆಸರೂ.
ಮನೆಯಲ್ಲಿ ಅತ್ತೆಗೆ ಹೇಳಿದೆ.
"ಅಯ್ಯೋ ಹುಚ್ಚೀ, ಹೆಸರು ಅಚ್ಚಾಗೋವರ್ಗೂ ಬಾಯಿ ಮುಚ್ಕೊಂಡಿರು."
"ಸುಳ್ಳಿನ ಮೇಲೆ ಅಚ್ಚಾಗುತ್ತಲ್ಲ ಅತ್ತೆ."
"ಸುಳ್ಳು ಅವಳ್ದು. ಹೆಸರು ನಿಂದು!"
ಇಬ್ಬರೂ ನಕ್ಕೆವು. ಊಟ ಸೇರಲಿಲ್ಲ.

ಮಾರ್ಚ್ ೨೦, ಮಧ್ಯಾಹ್ನ ೩
ಜಾಗ ಬದಲಾಯಿಸಿದ ಎರಡೂ ಜಾಡಿ ಮೇಡಂ ಮೇಜಿನ ಮೇಲಿಟ್ಟೆ.
"ಜಾಡಿ ತೊಳೆಯೋಳು ನೀನು. ಜಾಗ ಬದಲಾಯ್ಸು ಅಂತ ಯಾರು ಹೇಳಿದ್ರು?"
"ಯಾರೂ ಇಲ್ಲ ಮೇಡಂ. ಏಳಕ್ಕೆ ಗಾಳಿ ಬರ್ತಿರ್ಲಿಲ್ಲ."
ಎದ್ದು ಬಾಗಿಲು ಹಾಕಿದರು. ದನಿ ಇಳಿಯಿತು. "ನೋಡಮ್ಮಾ, ಮೂರನೇದು ಬೇಡ, ಎರಡನೇ ಹೆಸರೇ ನಿಮ್ದು ಹಾಕ್ತೀನಿ. ಕಾಯಂ ಮಾಡೋಕೂ ಬರೀತೀನಿ. ಇವೆರಡನ್ನೂ ತೊಳ್ದಿಡಿ."
ಜಾಡಿ ಎತ್ತಿಕೊಂಡು ಬಂದೆ. ಸಿಂಕಿನವರೆಗೂ ಹೋದೆ — ಆಸೆಗೆ. ತೊಳೆಯಲಿಲ್ಲ.

ಮಾರ್ಚ್ ೨೩
ಹೊಸ ಕರಡು ಬಂತು. ಎರಡನೇ ಹೆಸರು ನನ್ನದೇ. ತಪ್ಪಿಲ್ಲದೆ ಅಚ್ಚಾಗಿದೆ. ಬೆರಳಿಟ್ಟು ನೋಡಿದೆ. ಆಮೇಲೆ ಅದರ ಮೇಲೆ ಗೀಟೆಳೆದೆ. ಅಂಚಿನಲ್ಲಿ ಬರೆದೆ: ಈ ಕೆಂಪು ಹುಟ್ಟಿನಿಂದ ಬಂದದ್ದಲ್ಲ, ಗಾಳಿ ಕೊಡದೆ ಬರಿಸಿದ್ದು.
ವಿಭಾಗದ ಸಭೆಗೆ ನನ್ನನ್ನು ಕರೆದಿಲ್ಲ. ಬರುತ್ತೇನೆಂದು ವಿಭಾಗದ ಕಚೇರಿಗೆ ಬರೆದುಕೊಟ್ಟೆ. ಎರಡೂ ಜಾಡಿ ಒಯ್ದು ಎಲ್ಲರೆದುರು ಇಡಬೇಕು. ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ, ಮೂರನೇ ಮಹಡಿ —